ಆಟಗಾರನ ಬೆಲೆ ಮತ್ತು ಚೆಂಡಿನ ಸತ್ಯ

(ಅಂತಿಮ ಬಿ.ಎ. ವಿದ್ಯಾರ್ಥಿ, ಶಿರ್ತಾಡಿ)

ನಮ್ಮ ಶಿರ್ತಾಡಿಯ ಪೇಟೆಯಲ್ಲಿ ಮೊದಲ ಬಸ್ಸು ಬರುವುದಕ್ಕೆ ಮುಂಚೆಯೇ ಹೋಟೆಲಿನ ಬಾಗಿಲು ತೆರೆದಿರುತ್ತದೆ. 2024ನೆಯ ಇಸವಿ ನವೆಂಬರ್ 25, ಸೋಮವಾರ. ಹಿಂದಿನ ದಿನ ದೂರದ ಜೆಡ್ಡಾ ನಗರದಲ್ಲಿ ಐ.ಪಿ.ಎಲ್. ಆಟಗಾರರ ಹರಾಜು ನಡೆದಿತ್ತು. ಮಂಗಳೂರಿನಲ್ಲಿ ಬೆಳೆದ ಕೆ. ಎಲ್. ರಾಹುಲ್ ಅವರನ್ನು ದೆಹಲಿಯ ತಂಡವು 14 ಕೋಟಿ ರೂಪಾಯಿಗೆ ಕೊಂಡಿತ್ತು. ನಾನು ಕಾಲೇಜಿಗೆ ಹೊರಟವನು ಒಂದು ಲೋಟ ಚಾ ಕುಡಿಯಲೆಂದು ಒಳಗೆ ಹೋದೆ. ಅಲ್ಲಿ ಬನ್ಸಿನ ತಟ್ಟೆಗಳ ನಡುವೆ ಮಹಾಯುದ್ಧವೇ ನಡೆದಿತ್ತು.

“ನಮ್ಮ ಊರಿನ ಹುಡುಗನನ್ನು ಬೆಂಗಳೂರಿನವರು ಬಿಟ್ಟುಕೊಟ್ಟರಲ್ಲ ಮಾರಾಯ್ರೆ!” ಎಂದು ರಿಕ್ಷಾದ ಅಣ್ಣ ಮೇಜನ್ನು ಗುದ್ದಿದರು. “ಹದಿನೇಳು ಕೋಟಿ ಇದ್ದವನು ಹದಿನಾಲ್ಕಕ್ಕೆ ಇಳಿದ, ಅಡಿಕೆಯ ದರದಂತೆ ಆಯಿತು” ಎಂದು ಇನ್ನೊಬ್ಬರು. ನಿವೃತ್ತ ಮಾಸ್ಟ್ರೊಬ್ಬರು ಕನ್ನಡಕ ತೆಗೆದು, “ಮನುಷ್ಯನನ್ನು ಏಲಂಗೆ ಹಾಕುವುದೇ ತಪ್ಪು” ಎಂದರು. ಆಗ ಮೂಲೆಯಲ್ಲಿ ಕುಳಿತಿದ್ದ ಮತ್ತೊಬ್ಬರು, “ಅದೆಲ್ಲ ಇರಲಿ, ಅವರು ಕೊಡುವ ಚೆಂಡು ಸರಿಯಿದೆಯೋ ಇಲ್ಲವೋ ಅದನ್ನು ಮೊದಲು ನೋಡಿ” ಎಂದುಬಿಟ್ಟರು. ಅಲ್ಲಿಗೆ ಬೆಲೆಯ ಮಾತು ನಿಂತು ಚೆಂಡಿನ ಮಾತು ಆರಂಭವಾಯಿತು. ನನ್ನ ಬಸ್ಸು ಹೋಯಿತು.

ಆ ದಿನ ನನಗೆ ಹೊಳೆದ ಪ್ರಶ್ನೆ ಇದು. ಆಟಗಾರನ ಬೆಲೆ, ಚೆಂಡಿನ ಮೇಲಿನ ಸಂಶಯ ಇವೆರಡೂ ಒಂದೇ ಮೇಜಿನಲ್ಲಿ ಒಂದರ ಬೆನ್ನಿಗೆ ಇನ್ನೊಂದು ಏಕೆ ಬರುತ್ತವೆ? ಅರ್ಥಶಾಸ್ತ್ರವನ್ನು ಐಚ್ಛಿಕವಾಗಿ ಓದುತ್ತಿರುವ ನನಗೆ ಇದು ಬರಿಯ ಹರಟೆಯಾಗಿ ತೋರಲಿಲ್ಲ. ಇದರಲ್ಲಿ ನನ್ನದೇ ಒಂದು ಋಣವೂ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಬೆಲೆಯ ವಿಚಾರ. ನಮ್ಮ ಕಡೆ ಏಲಂ ಎಂದರೆ ಎಲ್ಲರಿಗೂ ಗೊತ್ತು. ಉತ್ಸವದಂದು ಹರಕೆಯಾಗಿ ಬಂದ ತೆಂಗಿನಕಾಯಿ, ಹಲಸಿನ ಹಣ್ಣು, ಬಾಳೆಗೊನೆಗಳನ್ನು ಅಂಗಳದಲ್ಲಿಟ್ಟು ಕೂಗುತ್ತಾರೆ. ಹೆಚ್ಚು ಕೂಗಿದವರು ಕೊಂಡೊಯ್ಯುತ್ತಾರೆ. ನೀನು ಯಾರ ಮನೆಗೆ ಹೋಗುತ್ತೀ ಎಂದು ಹಲಸಿನ ಹಣ್ಣನ್ನು ಯಾರೂ ಕೇಳುವುದಿಲ್ಲ. 2008ನೆಯ ಫೆಬ್ರವರಿ 20ರಂದು ಮುಂಬಯಿಯಲ್ಲಿ ಮೊದಲ ಐ.ಪಿ.ಎಲ್. ಹರಾಜು ನಡೆದಾಗ ಜನರಿಗೆ ಸೋಜಿಗವಾದದ್ದು ಇದೇ ಕಾರಣಕ್ಕೆ. ಅಂದು ಮಹೇಂದ್ರಸಿಂಗ್ ಧೋನಿಯವರಿಗೆ ಚೆನ್ನೈ ತಂಡ ಕೊಟ್ಟ ಬೆಲೆ 15 ಲಕ್ಷ ಡಾಲರು. ನಮ್ಮ ರಾಹುಲ್ ದ್ರಾವಿಡ್ ಅವರನ್ನು ಮಾತ್ರ ಯಾರೂ ಕೂಗಲಿಲ್ಲ. ಅವರು ಬೆಂಗಳೂರಿನ ‘ಐಕಾನ್’ ಆಟಗಾರರಾಗಿದ್ದು, ತಂಡದಲ್ಲಿ ಅತಿ ಹೆಚ್ಚು ಬೆಲೆ ಪಡೆದವನಿಗಿಂತ ಶೇಕಡಾ 15ರಷ್ಟು ಹೆಚ್ಚು ಪಡೆಯುವ ಏರ್ಪಾಡಿತ್ತು. ಸಚಿನ್, ಗಂಗೂಲಿ, ಸೆಹ್ವಾಗ್, ಯುವರಾಜ್ ಇವರಿಗೂ ಹಾಗೆಯೇ. ಅಂದರೆ ಮೊದಲ ದಿನವೇ ಹರಾಜಿಗೆ ಹೊರಗೆ ಐದು ಮಂದಿಯನ್ನು ಇರಿಸಿದ್ದರು. ಊರಿನ ಅಭಿಮಾನವನ್ನು ಕೂಗಿ ಮಾರಲಾಗದೆಂದು ಏರ್ಪಾಡು ಮಾಡಿದವರಿಗೂ ತಿಳಿದಿತ್ತೆಂದು ಕಾಣುತ್ತದೆ.

ಹರಾಜಿನಲ್ಲಿ ಬೆಲೆ ಏರುವುದರಿಂದ ಆಟಗಾರ ಸ್ವತಂತ್ರನಾದನೆಂದು ಹಲವರು ಭಾವಿಸುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ. ಆದರೆ ಹರಾಜಿಗೆ ಹೆಸರು ಕೊಡುವ ಆಟಗಾರನು ತನ್ನ ಮೂಲಬೆಲೆಯನ್ನು ಮಾತ್ರ ನಮೂದಿಸಬಹುದು. ಯಾವ ತಂಡವೆಂಬುದು ಅವನ ಕೈಯಲ್ಲಿಲ್ಲ. ರವೀಂದ್ರ ಜಡೇಜ ಅವರು ರಾಜಸ್ಥಾನದೊಡನೆ ಕರಾರು ಮುಂದುವರಿಸದೆ ಬೇರೆ ತಂಡದೊಂದಿಗೆ ತಾವೇ ಮಾತುಕತೆ ನಡೆಸಿದರೆಂಬ ಕಾರಣಕ್ಕೆ 2010ನೆಯ ಸಾಲಿನಲ್ಲಿ ಆಡದಂತೆ ಆಯಿತು. ಕೊಂಡ ಮೇಲೆ ತಕ್ಕ ಕಾರಣವಿಲ್ಲದೆ ಬರುವುದಿಲ್ಲವೆಂದರೆ ಈಗ ಎರಡು ಸಾಲಿನ ನಿಷೇಧವಿದೆ. 2025ರಲ್ಲಿ ಇಂಗ್ಲೆಂಡಿನ ಹ್ಯಾರಿ ಬ್ರೂಕ್ ಅವರಿಗೆ ಅದು ತಗಲಿತು.

ಕೆ. ಎಲ್. ರಾಹುಲ್ ಅವರ ಲೆಕ್ಕವನ್ನೇ ನೋಡೋಣ. 2013ರಲ್ಲಿ ಬೆಂಗಳೂರು, ಅನಂತರ ಹೈದರಾಬಾದು, 2016ರಲ್ಲಿ ಮರಳಿ ಬೆಂಗಳೂರು, 2018ರ ಹರಾಜಿನಲ್ಲಿ 11 ಕೋಟಿಗೆ ಪಂಜಾಬು. 2021ರ ಕೊನೆಯಲ್ಲಿ ಪಂಜಾಬು ಅವರನ್ನು ಉಳಿಸಿಕೊಳ್ಳಲು ಬಯಸಿತ್ತು. ಅವರೇ ಹೊರಹೋಗಲು ನಿರ್ಧರಿಸಿದರೆಂದು ಅಂದು ಆ ತಂಡದ ತರಬೇತುದಾರರಾಗಿದ್ದ ಅನಿಲ್ ಕುಂಬ್ಳೆಯವರು ಹೇಳಿದ್ದರು. ಬಳಿಕ ಹೊಸದಾಗಿ ಹುಟ್ಟಿದ ಲಖನೌ ತಂಡವು ಹರಾಜಿಗೆ ಮುಂಚೆಯೇ 17 ಕೋಟಿಗೆ ಅವರನ್ನು ಸೇರಿಸಿಕೊಂಡಿತು. ಮರಳಿ ಏಲಂಗೆ ಬಂದಾಗ 14. ಹೋಟೆಲಿನಲ್ಲಿ ಇದನ್ನು ಏರಿಳಿತವೆಂದು ಮಾತ್ರ ಕಂಡರು. ನನಗೆ ಕಂಡದ್ದು ಬೇರೆ. ಅವರಿಗೆ ದೊರೆತ ಅತ್ಯಧಿಕ ಬೆಲೆ, ಅವರು ‘ಆಗಲಿ’ ಅಥವಾ ‘ಬೇಡ’ ಎನ್ನಬಹುದಾಗಿದ್ದ ವರ್ಷದ್ದು. ಒಬ್ಬನ ಉದಾಹರಣೆಯಿಂದ ಸಿದ್ಧಾಂತ ಕಟ್ಟಬಾರದೆಂದು ನಮ್ಮ ಗುರುಗಳು ಎಚ್ಚರಿಸಿದ್ದಾರೆ. ಆದುದರಿಂದ ಕಟ್ಟುವುದಿಲ್ಲ, ಕಂಡದ್ದನ್ನು ಹೇಳಿದೆ ಅಷ್ಟೆ.

ಈ ‘ಬೇಡ’ ಎನ್ನುವ ಹಕ್ಕಿಗಾಗಿ ಅಮೆರಿಕೆಯಲ್ಲಿ ದೊಡ್ಡ ಹೋರಾಟವೇ ನಡೆಯಿತು. ಅಲ್ಲಿನ ಜನಪ್ರಿಯ ಆಟ ಬೇಸ್‌ಬಾಲ್. ಒಮ್ಮೆ ಒಂದು ತಂಡಕ್ಕೆ ಸಹಿ ಹಾಕಿದವನ ಕರಾರು ಮುಗಿದರೂ ಅವನ ಮೇಲಿನ ಹಕ್ಕು ಆ ತಂಡದ್ದೇ ಎಂಬ ನಿಯಮ ಬಹುಕಾಲ ಅಲ್ಲಿತ್ತು. ತಂಡವು ಅವನನ್ನು ಮಾರಬಹುದು, ಬದಲಾಯಿಸಿಕೊಳ್ಳಬಹುದು. ಅವನು ಮಾತ್ರ ತಾನಾಗಿ ಹೋಗುವಂತಿಲ್ಲ. ನಮ್ಮ ಪಠ್ಯದಲ್ಲಿ ಬರುವ ‘ಕೊಳ್ಳುವವನ ಏಕಸ್ವಾಮ್ಯ’ಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ನನಗೆ ಸಿಕ್ಕಿಲ್ಲ. 1969ರಲ್ಲಿ ಸೇಂಟ್ ಲೂಯಿ ತಂಡವು ಕರ್ಟ್ ಫ್ಲಡ್ ಎಂಬ ಕರಿಯ ಜನಾಂಗದ ಆಟಗಾರನನ್ನು ಫಿಲಡೆಲ್ಫಿಯಕ್ಕೆ ಕೊಟ್ಟುಬಿಟ್ಟಿತು. ಆತ ಹೋಗಲೊಲ್ಲೆನೆಂದು ನ್ಯಾಯಾಲಯದ ಮೆಟ್ಟಿಲೇರಿದ. 1972ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯದಲ್ಲಿ ಐವರು ನ್ಯಾಯಾಧೀಶರು ವಿರುದ್ಧವಾಗಿ, ಮೂವರು ಪರವಾಗಿ ನಿಂತು ಆತ ಸೋತ. ಅವನ ಆಟದ ಜೀವನ ಅಷ್ಟರಲ್ಲಿ ಮುಗಿದಿತ್ತು. ಆದರೆ 1975ರ ಡಿಸೆಂಬರಿನಲ್ಲಿ ಪೀಟರ್ ಸೈಟ್ಸ್ ಎಂಬ ಮಧ್ಯಸ್ಥರು ಬೇರೆ ಇಬ್ಬರು ಆಟಗಾರರ ಪರವಾಗಿ ತೀರ್ಪು ಕೊಟ್ಟು, ಕರಾರು ಮುಗಿದವನು ಸ್ವತಂತ್ರನೆಂದರು. ಇಂದು ಅಲ್ಲಿ ಆಟಗಾರರು ಪಡೆಯುವ ಅಗಾಧ ಮೊತ್ತಗಳ ಹಿಂದೆ ಆ ತೀರ್ಪು ಇದೆ. ಪ್ರತಿ ಚಳಿಗಾಲದಲ್ಲೂ ಅಲ್ಲಿನ ಅಭಿಮಾನಿಗಳು ಯಾರು ಎಲ್ಲಿಗೆ ಹೋದಾರೆಂದು ನಮ್ಮ ಹೋಟೆಲಿನವರಂತೆಯೇ ಜಗಳವಾಡುತ್ತಾರಂತೆ.

ಇನ್ನು ಚೆಂಡು. ಕ್ರಿಕೆಟಿನ ಚೆಂಡಿನ ತೂಕ ಸುಮಾರು 156ರಿಂದ 163 ಗ್ರಾಮಿನೊಳಗೆ ಇರಬೇಕು. ಅದರ ಒಂದು ಬದಿಯನ್ನು ಬಟ್ಟೆಗೆ ಉಜ್ಜಿ ಹೊಳಪಿಡುವುದು ನಿಯಮಬದ್ಧ. ಇನ್ನೊಂದು ಬದಿಯನ್ನು ಕೆರೆದು ಒರಟಾಗಿಸುವುದು ಅಪರಾಧ. ವ್ಯತ್ಯಾಸ ಇಷ್ಟೆ. ಚೆಂಡು ಹೋಗುವಾಗ ಒರಟು ಬದಿಯ ಗಾಳಿ ಅದಕ್ಕೆ ಹೆಚ್ಚು ಹೊತ್ತು ಅಂಟಿಕೊಂಡಿರುತ್ತದೆ, ನುಣುಪು ಬದಿಯ ಗಾಳಿ ಬೇಗ ಬಿಟ್ಟುಹೋಗುತ್ತದೆ. ಇದರಿಂದ ಚೆಂಡು ಸಾಮಾನ್ಯವಾಗಿ ಒರಟು ಬದಿಯತ್ತ ವಾಲುತ್ತದೆ. ವೇಗ ಬಹಳ ಹೆಚ್ಚಿದರೆ ತಿರುಗಾಮುರುಗಾ ಆಗುವುದೂ ಉಂಟು. ಹೊರಗೆ ಕುಳಿತ ನೋಟಕನಿಗೆ ಇದೊಂದೂ ಕಾಣದು. ಅವನಿಗೆ ಕಾಣುವುದು ಚೆಂಡು ತಿರುಗಿತೆಂಬುದು ಮಾತ್ರ. ಆದುದರಿಂದ ಸಂಶಯ ಹುಟ್ಟುವುದು ಸುಲಭ, ಸಾಯುವುದು ಕಷ್ಟ.

2023ರ ವಿಶ್ವಕಪ್ಪಿನಲ್ಲಿ ನಮ್ಮ ಬೌಲರುಗಳು ಎದುರಾಳಿಗಳನ್ನು ಉರುಳಿಸುತ್ತಿದ್ದಾಗ, ಭಾರತಕ್ಕೆ ಬೇರೆ ಚೆಂಡು ಕೊಡುತ್ತಿದ್ದಾರೆಂದು ಪಾಕಿಸ್ತಾನದ ಮಾಜಿ ಆಟಗಾರರೊಬ್ಬರು ದೂರದರ್ಶನದಲ್ಲಿ ಆರೋಪಿಸಿದರು. ಅವರ ದೇಶದವರೇ ಆದ ವಾಸಿಂ ಅಕ್ರಂ ಅವರು, ಚೆಂಡುಗಳನ್ನು ಆರಿಸುವ ಕ್ರಮವನ್ನು ವಿವರಿಸಿ ಆ ಮಾತನ್ನು ತಳ್ಳಿಹಾಕಿದರು. ನಮ್ಮ ಹೋಟೆಲಿನಲ್ಲಿ ಅಂದು ಅಕ್ರಂ ಅವರಿಗೆ ಜೈಕಾರ. ಆದರೆ 2004ರ ಜನವರಿಯಲ್ಲಿ ಬ್ರಿಸ್ಬೇನಿನಲ್ಲಿ ಜಿಂಬಾಬ್ವೆಯ ವಿರುದ್ಧ ಆಡುವಾಗ ದ್ರಾವಿಡ್ ಅವರು ಬಾಯಲ್ಲಿದ್ದ ಗಂಟಲಿನ ಪೆಪ್ಪರಮೆಂಟಿನ ಅಂಟನ್ನು ಚೆಂಡಿಗೆ ಸವರಿದ್ದು ಕ್ಯಾಮೆರಾದಲ್ಲಿ ಸೆರೆಯಾಗಿ, ಪಂದ್ಯದ ತೀರ್ಪುಗಾರ ಕ್ಲೈವ್ ಲಾಯ್ಡ್ ಅವರು ಪಂದ್ಯದ ಸಂಭಾವನೆಯ ಅರ್ಧವನ್ನು ದಂಡ ಹಾಕಿದ್ದನ್ನು ನಾನು ನೆನಪಿಸಿದಾಗ ಎಲ್ಲರೂ ನನ್ನನ್ನು ದುರುಗುಟ್ಟಿ ನೋಡಿದರು. “ಅದು ತಿಳಿಯದೆ ಆದದ್ದು” ಎಂದರು ರಿಕ್ಷಾದ ಅಣ್ಣ. ತಂಡದ ತರಬೇತುದಾರ ಜಾನ್ ರೈಟ್ ಅವರೂ ಅಂದು ಹಾಗೆಯೇ ಹೇಳಿದ್ದರು; ನಾನೂ ಹಾಗೆಯೇ ನಂಬುತ್ತೇನೆ. ಆದರೆ ನಂಬುವುದಕ್ಕೆ ಕಾರಣ ದ್ರಾವಿಡ್ ಅವರ ಮೇಲಿನ ಗೌರವವೇ ಹೊರತು ಚೆಂಡಿನ ಪರೀಕ್ಷೆಯಲ್ಲ. ನಮ್ಮವರು ಮಾಡಿದರೆ ಪೆಪ್ಪರಮೆಂಟು, ಪರರು ಮಾಡಿದರೆ ಕುತಂತ್ರ ಎಂಬುದು ಶಾಸ್ತ್ರೀಯ ವಿಚಾರಣೆಯಾಗದು.

ಅಳತೆಯ ಮೇಲಿನ ಸಂಶಯವು ಚೆಂಡಿಗೆ ಮಾತ್ರ ಮೀಸಲಲ್ಲ. 2020ರಲ್ಲಿ ಐಕಳದ ಕಂಬಳದಲ್ಲಿ ನಮ್ಮ ಪಕ್ಕದ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.50 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರೆಂದು ಸುದ್ದಿಯಾದಾಗ, ಅದನ್ನು ನೂರು ಮೀಟರಿಗೆ ಇಳಿಸಿ 9.55 ಎಂದು ಲೆಕ್ಕ ಹಾಕಿದವರು ಎಷ್ಟೋ, ಆ ಲೆಕ್ಕವನ್ನು ಶಂಕಿಸಿದವರೂ ಅಷ್ಟೇ. ಕೆಸರಿನ ಕರೆಯಲ್ಲಿ ಕೋಣಗಳೊಡನೆ ಓಡುವುದಕ್ಕೂ ಒಲಿಂಪಿಕ್ಸಿನ ಓಟಕ್ಕೂ ಹೋಲಿಕೆಯೇ ಸಲ್ಲದೆಂದು ನನ್ನ ಅಭಿಪ್ರಾಯ. ಆದರೂ ಕೀರ್ತಿಯೂ ಹಣವೂ ಬಂದೊಡನೆ ಜನ ಗಡಿಯಾರವನ್ನು ನೋಡತೊಡಗುತ್ತಾರೆಂಬುದು ನಿಜ. ನನ್ನ ಅಮ್ಮ ಬೀಡಿ ಕಟ್ಟುತ್ತಾರೆ. ಬ್ರಾಂಚಿನಲ್ಲಿ ತೂಗಿ ಕೊಟ್ಟ ಹೊಗೆಸೊಪ್ಪನ್ನು ಮನೆಗೆ ತಂದು ಕೈಯಲ್ಲಿ ಎತ್ತಿ ನೋಡಿ, “ಇವತ್ತು ಕಡಿಮೆ ಉಂಟು” ಎನ್ನುತ್ತಾರೆ. ಕಡಿಮೆ ಇದೆಯೋ ಇಲ್ಲವೋ ನನಗೆ ತಿಳಿಯದು. ನಮ್ಮ ಮನೆಯಲ್ಲಿ ತಕ್ಕಡಿ ಇಲ್ಲ.

ಅಭಿಮಾನಿಗಳ ಸಂಶಯವೆಲ್ಲ ಹುಚ್ಚೆಂದು ತಳ್ಳಿಬಿಡುವವರಿಗೆ ಜಪಾನಿನ ಸಂಗತಿಯನ್ನು ಹೇಳಬೇಕು. ಅಲ್ಲಿ 2013ರಲ್ಲಿ ಬೇಸ್‌ಬಾಲ್ ಆಟದ ಹೋಮ್ ರನ್ನುಗಳು, ಎಂದರೆ ಚೆಂಡನ್ನು ಗಡಿಯಾಚೆ ಹಾರಿಸುವ ಹೊಡೆತಗಳು, ಹಠಾತ್ತಾಗಿ ಹೆಚ್ಚಿದವು. ಚೆಂಡು ಬದಲಾಗಿದೆಯೆಂದು ಜನ ಗುನುಗಿದರು. ಇಲ್ಲವೆಂದು ಆಡಳಿತದವರು ಸಾಧಿಸಿದರು. ಕೊನೆಗೆ ಜೂನ್ ತಿಂಗಳಲ್ಲಿ, ಹೆಚ್ಚು ಪುಟಿಯುವ ಚೆಂಡನ್ನು ಯಾರಿಗೂ ಹೇಳದೆ ತಂದದ್ದು ನಿಜವೆಂದು ಅವರೇ ಒಪ್ಪಿಕೊಂಡರು. ಆಟದ ಮುಖ್ಯಾಧಿಕಾರಿಯಾಗಿದ್ದ ರ್‍ಯೋಜೊ ಕಾಟೊ ಆ ವರ್ಷವೇ ಸ್ಥಾನ ಬಿಟ್ಟರು. ಅಮೆರಿಕೆಯಲ್ಲಿಯೂ 2019ರಲ್ಲಿ 6,776 ಹೋಮ್ ರನ್ನುಗಳಾಗಿ ಹಿಂದಿನ ದಾಖಲೆಗಳೆಲ್ಲ ಮುರಿದವು. ಅದಕ್ಕೆ ಹಿಂದಿನ ವರ್ಷವಷ್ಟೇ ಚೆಂಡು ತಯಾರಿಸುವ ರಾಲಿಂಗ್ಸ್ ಕಂಪೆನಿಯನ್ನು ಆಟದ ಒಡೆಯರೇ ಪಾಲುದಾರರೊಡನೆ ಕೊಂಡಿದ್ದರು! ಉದ್ದೇಶಪೂರ್ವಕವಾಗಿ ಏನನ್ನೂ ಬದಲಿಸಿಲ್ಲವೆಂದು ಅವರು ಹೇಳಿದರು. ಅವರೇ ನೇಮಿಸಿದ ವಿಜ್ಞಾನಿಗಳ ಸಮಿತಿಯು, ಚೆಂಡಿಗೆ ಗಾಳಿಯ ತಡೆ ಕಡಿಮೆಯಾಗಿರುವುದೂ ಒಂದು ಮುಖ್ಯ ಕಾರಣ, ಹೊಲಿಗೆಯ ಎತ್ತರದಲ್ಲಿನ ಅತಿ ಸೂಕ್ಷ್ಮ ವ್ಯತ್ಯಾಸ ಅದರ ಹಿಂದೆ ಇದೆ ಎಂದು ವರದಿ ಕೊಟ್ಟಿತು. ಆ ಚೆಂಡುಗಳನ್ನು ಕೋಸ್ಟರಿಕದಲ್ಲಿ ಕೆಲಸಗಾರರು ಕೈಯಿಂದ ಹೊಲಿಯುತ್ತಾರೆ. ಒಬ್ಬರ ಕೈ ಎಳೆದಷ್ಟು ದಾರವನ್ನು ಇನ್ನೊಬ್ಬರ ಕೈ ಎಳೆಯದು. ಬೀಡಿಯ ಮನೆಯಲ್ಲಿ ಬೆಳೆದ ನನಗೆ ಇದರಲ್ಲಿ ಆಶ್ಚರ್ಯವಾಗಲಿಲ್ಲ.

ಬೆಲೆಯೂ ಚೆಂಡೂ ನೇರವಾಗಿ ಸಂಧಿಸಿದ್ದು 2018ರ ಮಾರ್ಚಿನಲ್ಲಿ, ಕೇಪ್‌ಟೌನಿನಲ್ಲಿ. ಆಸ್ಟ್ರೇಲಿಯದ ಕ್ಯಾಮರಾನ್ ಬ್ಯಾಂಕ್ರಾಫ್ಟ್ ಎಂಬ ಹೊಸ ಆಟಗಾರ ಮರಳುಕಾಗದದಿಂದ ಚೆಂಡನ್ನು ಉಜ್ಜಿ, ಅದನ್ನು ಚಡ್ಡಿಯೊಳಗೆ ಬಚ್ಚಿಡುವುದನ್ನು ಲೋಕವೆಲ್ಲ ನೋಡಿತು. ನಾಯಕ ಸ್ಮಿತ್, ಉಪನಾಯಕ ವಾರ್ನರ್ ಇಬ್ಬರಿಗೂ ಹನ್ನೆರಡು ತಿಂಗಳು, ಬ್ಯಾಂಕ್ರಾಫ್ಟ್‌ಗೆ ಒಂಬತ್ತು ತಿಂಗಳು ನಿಷೇಧ. ಸ್ಮಿತ್, ವಾರ್ನರ್ ಅವರ ಆ ವರ್ಷದ ಐ.ಪಿ.ಎಲ್. ಹಣವೂ ಹೋಯಿತು. ನನ್ನನ್ನು ಕಾಡಿದ್ದು ಆ ಮೂರನೆಯವನು. ಹಿರಿಯರ ನಡುವೆ ತಾನೂ ಸಲ್ಲಬೇಕು, ತನಗೂ ಬೆಲೆ ಬರಬೇಕು ಎಂಬ ಆಸೆಯಿಂದ ಹಾಗೆ ಮಾಡಿದೆನೆಂದು ಅವನು ಆ ವರ್ಷದ ಕೊನೆಗೆ ಹೇಳಿಕೊಂಡ. ಅದನ್ನು ಓದಿದಾಗ ನನ್ನ ಕಿವಿ ಬಿಸಿಯಾಯಿತು. ಏಕೆಂದರೆ ನಾನೂ ಒಮ್ಮೆ ಮಾರಾಟವಾದವನು.

ನಮ್ಮ ಕಡೆಯ ಊರುಗಳಲ್ಲಿ ಈಗ ಟೆನ್ನಿಸ್ ಚೆಂಡಿನ ‘ಪ್ರೀಮಿಯರ್ ಲೀಗು’ಗಳು ನಡೆಯುತ್ತವೆ. ಪ್ರತಿ ತಂಡದ ಯಜಮಾನರಿಗೂ ಸಮಾನ ಪಾಯಿಂಟು ಕೊಟ್ಟು ಹುಡುಗರನ್ನು ಏಲಂ ಮಾಡುತ್ತಾರೆ. ಎರಡನೆಯ ಬಿ.ಎ.ಯಲ್ಲಿದ್ದಾಗ ನನ್ನನ್ನು ಒಬ್ಬರು ಯಜಮಾನರು 400 ಪಾಯಿಂಟಿಗೆ ಕೊಂಡರು. ಅದು ದೊಡ್ಡ ಬೆಲೆಯಲ್ಲ, ಕೂಗುವವನು ಎರಡು ಸಲ ನನ್ನ ಹೆಸರು ಹೇಳಬೇಕಾಯಿತು. ಪಾಯಿಂಟಿನಿಂದ ಹೊಟ್ಟೆ ತುಂಬದು. ಆದರೆ ಆ ವರ್ಷ ನನ್ನ ಪರೀಕ್ಷಾ ಶುಲ್ಕವನ್ನು ಅವರೇ ಕಟ್ಟಿದರು. ನಾನು ಕೇಳಿರಲಿಲ್ಲ, ಅಮ್ಮ ಕೇಳಿದ್ದರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ನನಗಿಂತ ಮೊದಲು ಯಾರೂ ಇಲ್ಲ. ಶುಲ್ಕದ ಕಡೆಯ ದಿನ ಎಂದರೇನೆಂದು ಅಪ್ಪನಿಗೆ ವಿವರಿಸುವುದೇ ನನಗೆ ಒಂದು ಪರೀಕ್ಷೆ.

ಅಂತಿಮ ಪಂದ್ಯದ ಹಿಂದಿನ ಆಟ. ಎದುರಾಳಿಗಳಿಗೆ ಎರಡು ಓವರಿನಲ್ಲಿ 14 ಓಟ ಬೇಕಿತ್ತು. ಚೆಂಡು ಮೈದಾನದಾಚೆಗೆ ಹೋಯಿತು. ತರಲು ಹೋದವನು ನಮ್ಮ ತಂಡದ ಹಿರಿಯ ಆಟಗಾರ. ಅವನ ಹಿಂದೆ ನಾನೂ ಓಡಿದೆ. ಅವನು ಮುರಕಲ್ಲಿನ ಕಟ್ಟೆಗೆ ಚೆಂಡಿನ ಒಂದು ಬದಿಯನ್ನು ನಾಲ್ಕೈದು ಸಲ ಬಲವಾಗಿ ತಿಕ್ಕಿದ. ರೋಮವೆಲ್ಲ ಎದ್ದುಹೋಗಿ ಒಂದು ಮಗ್ಗುಲು ಬೋಳಾಯಿತು. ನನ್ನ ಮುಖ ನೋಡಿ ನಕ್ಕು, “ಬಾ” ಎಂದ. ಅನಂತರದ ಚೆಂಡುಗಳು ಗಾಳಿಯಲ್ಲಿ ಹಾವಿನಂತೆ ಹರಿದವು. ನಾವು ಗೆದ್ದೆವು. ಎದುರಿನವರು ಚೆಂಡನ್ನು ತೋರಿಸಿ ಎಂದು ಗಲಾಟೆ ಎಬ್ಬಿಸುವಷ್ಟರಲ್ಲಿ, ಗೆದ್ದ ಸಂಭ್ರಮದಲ್ಲಿ ಯಾರೋ ಅದನ್ನು ಪಕ್ಕದ ಅಡಿಕೆ ತೋಟದ ಕಣಿಗೆ ಹೊಡೆದಿದ್ದರು. ಅಂಪೈರರು ನನ್ನನ್ನೂ ಕೇಳಿದರು: “ನೀನು ಓದಿದ ಹುಡುಗ, ನೀನು ಹೇಳು.” ಯಜಮಾನರು ಅಲ್ಲಿಯೇ ನಿಂತಿದ್ದರು. ಅವರು ನನಗೆ ಕಣ್ಣು ಸನ್ನೆಯನ್ನೂ ಮಾಡಲಿಲ್ಲ, ಬಾಯಿ ತೆರೆಯಬೇಡವೆಂದೂ ಹೇಳಲಿಲ್ಲ. ಆದರೂ ನಾನು, “ನೋಡಲಿಲ್ಲ” ಎಂದೆ.

ಬೆಲೆಗೂ ಚೆಂಡಿಗೂ ಇರುವ ನಂಟು ನನಗೆ ಪುಸ್ತಕದಿಂದ ತಿಳಿದದ್ದಲ್ಲ, ಆ ಒಂದು ಮಾತಿನಿಂದ ತಿಳಿದದ್ದು. ತನ್ನನ್ನು ಕೊಂಡವನನ್ನು ಬಿಟ್ಟುಹೋಗುವ ದಾರಿಯಿಲ್ಲದವನಿಗೆ ಚೆಂಡಿನ ವಿಚಾರದಲ್ಲಿ ನಿಜ ಹೇಳುವ ದಾರಿಯೂ ಕಿರಿದಾಗಿರುತ್ತದೆ. ಇದನ್ನು ಹೋಟೆಲಿನಲ್ಲಿ ಕುಳಿತವರು ಸೂತ್ರವಾಗಿ ಹೇಳಲಾರರು. ಆದರೆ ಅವರ ಹರಟೆಯ ಜಾಡು ಅದೇ. ಇಷ್ಟು ಕೋಟಿ ಕೊಟ್ಟು ಕೊಂಡವರು ಸುಮ್ಮನೆ ಸೋಲುತ್ತಾರೆಯೇ, ಕೊಂಡವರ ವಿರುದ್ಧ ಆಟಗಾರ ಬಾಯಿ ಬಿಡುತ್ತಾನೆಯೇ ಎಂದು ಅವರು ಒಳಗೊಳಗೇ ಕೇಳುತ್ತಿರುತ್ತಾರೆ. ಹಾಗೆಂದು ಸ್ವತಂತ್ರನಾದವನು ಮೋಸ ಮಾಡುವುದಿಲ್ಲವೆಂದು ನಾನು ಹೇಳುತ್ತಿಲ್ಲ. ಲಕ್ಷಗಟ್ಟಲೆ ಗಳಿಸುತ್ತಿದ್ದ ವಾರ್ನರ್ ಅವರಿಗೆ ಯಾರ ಶುಲ್ಕದ ಹಂಗೂ ಇರಲಿಲ್ಲ.

ಹಾಗಾದರೆ ಚೆಂಡನ್ನು ಕಾಯುವ ಬಗೆ? ಕ್ರಿಕೆಟಿನ ನಿಯಮದಲ್ಲಿ ಇದಕ್ಕೆ ಸರಳ ಉಪಾಯಗಳಿವೆ. ವಿಕೆಟು ಬಿದ್ದಾಗಲೆಲ್ಲ, ವಿರಾಮ ಬಂದಾಗಲೆಲ್ಲ ಅಂಪೈರು ಚೆಂಡನ್ನು ತನ್ನ ವಶಕ್ಕೆ ತೆಗೆದುಕೊಳ್ಳಬೇಕು. ನಡುನಡುವೆ ಹೊತ್ತುಗೊತ್ತಿಲ್ಲದೆ ಪರೀಕ್ಷಿಸಬೇಕು. ಕೆಡಿಸಿದ್ದು ಕಂಡರೆ ಎದುರಾಳಿಗಳಿಗೆ ಐದು ಓಟ ಕೊಡಬೇಕು. 2025ರ ಐ.ಪಿ.ಎಲ್.ನಲ್ಲಿ ಮೈದಾನದಲ್ಲಿಯೇ ಬ್ಯಾಟಿನ ಅಳತೆಯನ್ನು ಪಟ್ಟಿಯಿಟ್ಟು ನೋಡತೊಡಗಿದರು. ಅದೇ ವರ್ಷ, ರಾತ್ರಿ ಪಂದ್ಯದ ಎರಡನೆಯ ಸರದಿಯಲ್ಲಿ ಹತ್ತು ಓವರು ಮುಗಿದ ಮೇಲೆ ಇಬ್ಬನಿಯ ಕಾರಣಕ್ಕೆ ಬೇರೆ ಚೆಂಡು ಪಡೆಯಲು ಅವಕಾಶ ಕೊಟ್ಟರು. ಚೆಂಡು ಬದಲಾಯಿತೆಂದು ಆಗ ಯಾರೂ ಗುಲ್ಲೆಬ್ಬಿಸಲಿಲ್ಲ. ಎಲ್ಲರೆದುರು ಹೇಳಿ ಬದಲಿಸಿದ ಚೆಂಡು ಅದು. ಜಪಾನಿನವರು ಬದಲಿಸಿದ್ದೂ ಚೆಂಡನ್ನೇ, ಆದರೆ ಬಾಯಿ ಮುಚ್ಚಿಕೊಂಡು.

ಈ ವರ್ಷ ನಮ್ಮ ಊರಿನ ಲೀಗಿನ ಸಭೆಗೆ ನಾನು ಹೋಗಿದ್ದೆ. ಆಡಲು ಹೆಸರು ಕೊಡಲಿಲ್ಲ. ಎರಡು ಸಲಹೆ ಕೊಟ್ಟೆ. ಒಂದು, ಗಡಿಯಾಚೆ ಹೋದ ಚೆಂಡನ್ನು ಯಾರೇ ತರಲಿ, ಅದು ಬೌಲರನ ಕೈ ಸೇರುವ ಮೊದಲು ಅಂಪೈರರ ಕೈಗೆ ಬರಬೇಕು. ಎರಡು, ಹುಡುಗನ ಹೆಸರನ್ನು ಕೂಗುವ ಮೊದಲು, ನಿನಗೆ ಬೇಡದ ತಂಡ ಯಾವುದಾದರೂ ಉಂಟೋ ಎಂದು ಅವನನ್ನು ಕೇಳಬೇಕು. ಮೊದಲನೆಯದನ್ನು ಒಪ್ಪಿದರು. ಎರಡನೆಯದಕ್ಕೆ, “ಹಾಗಾದರೆ ಏಲಂ ಯಾಕೆ ಮಾಡುವುದು ಮಾರಾಯ?” ಎಂದು ನಕ್ಕರು; ಮುಂದಿನ ವರ್ಷ ನೋಡುವ ಎಂದರು.

ಸಭೆ ಮುಗಿದ ಮೇಲೆ ಆ ಯಜಮಾನರ ಬಳಿಗೆ ಹೋಗಿ ಮುರಕಲ್ಲಿನ ಕಟ್ಟೆಯ ಸಂಗತಿಯನ್ನು ಹೇಳಿದೆ. ಈ ಲೇಖನವನ್ನು ಬರೆಯುವೆನೆಂದೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದನ್ನು ಅವತ್ತೇ ಹೇಳಬಹುದಿತ್ತಲ್ಲ. ನಾನೇನು ನಿನ್ನನ್ನು ತಿನ್ನುತ್ತಿದ್ದೆನೋ?” ಎಂದರು. ಶುಲ್ಕದ ಹಣವನ್ನು ಬೇಸಿಗೆ ರಜೆಯಲ್ಲಿ ದುಡಿದು ಎರಡು ಕಂತಿನಲ್ಲಿ ಕೊಡುತ್ತೇನೆ ಎಂದೆ. ಬೇಡವೆಂದರು. ಮೊದಲ ಕಂತನ್ನು ಅವರ ಅಂಗಡಿಯ ಮೇಜಿನ ಮೇಲೆ ಇಟ್ಟು ಬಂದಿದ್ದೇನೆ.